ಹಳೆಯ ಮೋಟಾರ್‌ಸೈಕಲ್ ಕೊಳ್ಳಲು ಹೋದಾಗ ಎಂಜಿನ್ ತಣ್ಣಗಿರಲಿ

ಮಾನ್ಯ ಸಂಪಾದಕರೇ,

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೆಲವು ವರ್ಷಗಳಿಂದ ಹಳೆಯ ಮೋಟಾರ್‌ಸೈಕಲ್ಲುಗಳಿಗೆ ಬಂದಿರುವ ಬೇಡಿಕೆಯನ್ನು ತಮ್ಮ ಓದುಗರು ಗಮನಿಸಿರುತ್ತಾರೆ. ಒಂದು ಕಾಲದಲ್ಲಿ ತೋಟದ ರೈಟರುಗಳು, ಹಾಲಿನ ಸೊಸೈಟಿಯ ಕಾರ್ಯದರ್ಶಿಗಳು, ಹಳ್ಳಿ ಶಾಲೆಯ ಮೇಷ್ಟರುಗಳು ಓಡಿಸಿ, ಕೊನೆಗೆ ಕೊಟ್ಟಿಗೆಯ ಮೂಲೆಯಲ್ಲೋ ಕಾಫಿ ಗೋದಾಮಿನ ಹಿಂದೆಯೋ ಒರಗಿಸಿಟ್ಟಿದ್ದ ಜಾವಾ, ಯೆಜ್ಡಿ, ರಾಜದೂತ್, ಬುಲೆಟ್ ಗಾಡಿಗಳನ್ನು ಹುಡುಕಿಕೊಂಡು ಈಗ ದೂರದ ಊರುಗಳಿಂದ ಜನ ಬರುತ್ತಿದ್ದಾರೆ. ಗುಜರಿಯವರ ತಕ್ಕಡಿಗೆ ಹೋಗಬೇಕಾಗಿದ್ದ ಗಾಡಿಗಳು ಮತ್ತೆ ರಸ್ತೆಗಿಳಿಯುವುದು ನನಗೆ ನಿಜವಾಗಿಯೂ ಸಂತೋಷ ತರುವ ವಿಷಯ. ಆದರೆ ಕೊಳ್ಳುವವರಲ್ಲಿ ಹೆಚ್ಚಿನವರು ಟ್ಯಾಂಕಿನ ಬಣ್ಣ, ಸೈಲೆನ್ಸರಿನ ಹೊಳಪು ಮತ್ತು ಎಂಜಿನ್ನಿನ ಶಬ್ದ ಇಷ್ಟನ್ನೇ ನೋಡಿ ಹಣ ಎಣಿಸಿ ಕೊಡುತ್ತಿರುವುದು, ಕೊಂಡ ಮೇಲೆ ಒಂದು ಸರ್ವಿಸ್ ಕೂಡ ಮಾಡಿಸದೆ ನೇರವಾಗಿ ಗಿರಿಯ ರಸ್ತೆಗೆ ಹೊರಡುತ್ತಿರುವುದು ನನ್ನನ್ನು ಈ ಪತ್ರಕ್ಕೆ ಕೂರಿಸಿದೆ.

ನಾನು ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯ ಮೋಟಾರು ಮೆಕ್ಯಾನಿಕ್ ವಿಭಾಗದಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿದ್ದು ನಿವೃತ್ತನಾದವನು. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ತಮ್ಮನ ಮಗ 1985ರ ಒಂದು ಯೆಜ್ಡಿಯನ್ನು ವ್ಯಾಪಾರಿಯೊಬ್ಬರಿಂದ ಕೊಂಡು ತಂದ. ಅವನು ನೋಡಲು ಹೋದಾಗ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತಂತೆ. "ಈಗ ತಾನೇ ಒಂದು ಸುತ್ತು ಹೋಗಿ ಬಂದೆ" ಎಂದು ಮಾರುವವರು ಹೇಳಿದ್ದನ್ನು ಅವನು ಗಾಡಿ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯೆಂದು ತಿಳಿದುಕೊಂಡನೇ ಹೊರತು, ಬಿಸಿ ಮಾಡಿಟ್ಟ ಎಂಜಿನ್ ಹಲವು ದೋಷಗಳನ್ನು ಮುಚ್ಚುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ತಂದ ನಾಲ್ಕನೆಯ ದಿನ ಗೆಳೆಯರೊಡನೆ ಸೀತಾಳಯ್ಯನಗಿರಿಗೆ ಹೋಗಿ ಕೈಮರದ ಕಡೆಗೆ ಇಳಿದು ಬರುವಾಗ ಹಿಂದಿನ ಚಕ್ರ ಹಠಾತ್ತನೆ ಕಚ್ಚಿ ನಿಂತು, ಗಾಡಿ ಅಡ್ಡ ಎಳೆದು, ಹುಡುಗ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ ಮೊದಲ ಮಾತು, "ದೊಡ್ಡಪ್ಪ, ನಾನು ಬ್ರೇಕ್ ಮುಟ್ಟಲೇ ಇಲ್ಲ, ಗಾಡಿ ತಾನಾಗಿ ನಿಂತುಬಿಡ್ತು" ಎಂದು. ಅವನು ಹೇಳಿದ್ದು ಸತ್ಯವಾಗಿತ್ತು. ಪಿಸ್ಟನ್ ಜಾಮ್ ಆಗಿತ್ತು.

ಆ ಎಂಜಿನ್ನನ್ನು ನಾನೇ ಮನೆಯ ಜಗಲಿಯ ಮೇಲೆ ಬಿಚ್ಚಿದೆ. ಡೈನಮೋ ಕಳಚಿ, ಪಿಸ್ಟನ್ನಿನ ಬಲದಿಂದ ತಿರುಗುವ ದಂಡವಾದ ಕ್ರ್ಯಾಂಕಿನ ಆ ಬದಿಯ ಆಯಿಲ್ ಸೀಲನ್ನು, ಅಂದರೆ ಗಾಳಿ, ಎಣ್ಣೆ ದಾಟದಂತೆ ತಡೆಯುವ ರಬ್ಬರಿನ ಬಳೆಯನ್ನು, ಹೊರತೆಗೆದಾಗ ಅದರ ರಬ್ಬರು ಒಣ ಕೋಡುಬಳೆಯಂತೆ ಗಟ್ಟಿಯಾಗಿತ್ತು. ಎರಡು ಬೆರಳ ನಡುವೆ ಒತ್ತಿದ ಕೂಡಲೇ ಚೂರಾಯಿತು. ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು ಅಲ್ಲಿಂದ ಸಿಲಿಂಡರಿಗೆ ಹೋಗುತ್ತದೆ. ಈ ಸೀಲ್ ಸೋತರೆ ಆ ದಾರಿಯಲ್ಲಿ ಹೊರಗಿನ ಗಾಳಿಯೂ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅಳತೆ ಮೀರಿ ಕಾಯುತ್ತದೆ. ಇದರ ಜೊತೆಗೆ ಈ ಗಾಡಿಗಳಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿ ಬೆರೆತೇ ಬರಬೇಕಾದ್ದರಿಂದ, ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಗೇರಿನಲ್ಲಿಯೇ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಎಣ್ಣೆ ಸಿಗುವುದಿಲ್ಲ. ಬಯಲುಸೀಮೆಯ ರಸ್ತೆಯಲ್ಲಿ ಇನ್ನೂ ಕೆಲವು ತಿಂಗಳು ಹೇಗೋ ನಡೆಯುತ್ತಿದ್ದ ಗಾಡಿ ನಮ್ಮ ಗಿರಿಯಲ್ಲಿ ನಾಲ್ಕೇ ದಿನಕ್ಕೆ ಕಚ್ಚಿಕೊಂಡದ್ದು ಹೀಗೆ. ಘಾಟಿ ಇಳಿಯುವಾಗ ನಡುನಡುವೆ ಆಕ್ಸಿಲರೇಟರನ್ನು ಸ್ವಲ್ಪ ಕೊಟ್ಟು ಎಂಜಿನ್ನಿಗೆ ಎಣ್ಣೆ ತಲುಪಿಸುವುದು, ಎಂಜಿನ್ನಿನ ಸ್ವರ ಬಿಗಿದು ಶಕ್ತಿ ಕುಂದಿದಂತೆ ಅನಿಸಿದ ಕ್ಷಣದಲ್ಲೇ ಕ್ಲಚ್ ಹಿಡಿದು ಚಕ್ರವನ್ನು ಬಿಡಿಸಿಕೊಳ್ಳುವುದು ಹಿಂದೆ ಈ ಗಾಡಿ ಓಡಿಸುತ್ತಿದ್ದವರಿಗೆಲ್ಲ ಕೈಗೆ ಬಂದಿದ್ದ ಅಭ್ಯಾಸ. ಈಗಿನ ಹುಡುಗರಿಗೆ ಅದನ್ನು ಹೇಳಿಕೊಟ್ಟವರಿಲ್ಲ. ಹೇಳಿಕೊಡದೆ ಇದ್ದವರಲ್ಲಿ ನಾನೂ ಒಬ್ಬ ಎಂಬ ಕೊರಗು ನನಗಿದೆ.

ಆದ್ದರಿಂದ ನನ್ನ ಮೊದಲ ವಿನಂತಿ ಇದು. ಗಾಡಿ ನೋಡಲು ಹೋಗುವ ಹಿಂದಿನ ದಿನವೇ ಮಾರುವವರಿಗೆ ಫೋನ್ ಮಾಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳಬೇಕು. ಹೋದ ಕೂಡಲೇ ಮಾತಿಗೆ ಮುಂಚೆ ಸಿಲಿಂಡರಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಕಾಫಿ ಕುಡಿದು, ತೋಟ ಸುತ್ತಿ ಬಂದು, ಅದು ಪೂರ್ತಿ ಆರಿದ ಮೇಲೆಯೇ ಕಿಕ್ ಹೊಡೆಯಬೇಕು. ಆರಿದ ಎಂಜಿನ್ನಿನಲ್ಲಿ ಸವೆದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವ ಸಪ್ಪಳ ಸ್ಪಷ್ಟವಾಗಿ ಕೇಳುತ್ತದೆ; ಲೋಹ ಕಾದು ಹಿಗ್ಗಿದ ಮೇಲೆ ಅದೇ ಸಪ್ಪಳ ಅಡಗುತ್ತದೆ. ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ತಿರುವಿ ಬಿಟ್ಟಾಗ ಎಂಜಿನ್ನಿನ ವೇಗ ತಕ್ಷಣ ಇಳಿಯಬೇಕು. ಇಳಿಯದೆ ತಾನಾಗಿ ಏರುತ್ತಾ ಹೋದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಬಹುಮಟ್ಟಿಗೆ ಸೀಲ್ ಹೋಗಿದೆ ಎಂದು ತಿಳಿಯಬೇಕು. ಜಾವಾ ಮತ್ತು ಯೆಜ್ಡಿಗಳಲ್ಲಿ ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಲಕ್ಷಣ ಬೇರೆ: ಗೇರ್ ಆಯಿಲ್ ಒಳಗೆಳೆದು ಉರಿಯುವುದರಿಂದ ಎಂಜಿನ್ ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲುವುದಿಲ್ಲ, ಹೊರಗೆ ಒಂದು ಹನಿಯೂ ಸೋರದೆ ಗೇರ್ ಆಯಿಲ್ ಕಡಿಮೆಯಾಗುತ್ತಿರುತ್ತದೆ. ಎರಡೂ ಸೀಲುಗಳ ಬೆಲೆ ಅಲ್ಪ, ಅವನ್ನು ಹಾಕುವ ಕೆಲಸ ದೊಡ್ಡದು. ಕ್ಲಚ್ ಬದಿಯನ್ನು ಪೂರ್ತಿ ಬಿಚ್ಚದೆ ಅಲ್ಲಿಯ ಸೀಲ್ ಕೈಗೆ ಸಿಗುವುದಿಲ್ಲ. ಮಾರುವುದಕ್ಕೆಂದೇ ಗಾಡಿ ಸಿದ್ಧಪಡಿಸುವವರು ಟ್ಯಾಂಕಿಗೆ ಬಣ್ಣ ಹೊಡೆಸಿ ಇದನ್ನು ಹಾಗೆಯೇ ಬಿಡುವುದು ಈ ಕಾರಣಕ್ಕೆ.

ತಣ್ಣಗಿರುವಾಗ ನೋಡಿದಷ್ಟೇ ಗಮನವಿಟ್ಟು ಐದಾರು ಕಿಲೋಮೀಟರ್ ಓಡಿಸಿದ ಮೇಲೂ ನೋಡಬೇಕು. ಗಾಡಿಯನ್ನು ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಕಿಕ್ ಹೊಡೆದಾಗ ಸ್ಟಾರ್ಟ್ ಆಗಲು ಸತಾಯಿಸಿದರೆ ಕಿಡಿ ಹುಟ್ಟಿಸುವ ಭಾಗಗಳಾದ ಕಾಯಿಲ್ ಅಥವಾ ಕಂಡೆನ್ಸರಿನ ಮೇಲೆ ಅನುಮಾನ ಪಡಬಹುದು. ಏರಿನಲ್ಲಿ ಎರಡನೆಯ ಗೇರಿನಲ್ಲಿ ಎಳೆಸಿ ಗೇರ್ ತಾನಾಗಿ ಹಾರುತ್ತದೆಯೇ ಎಂದು ಪರೀಕ್ಷಿಸಬೇಕು. ಜಾವಾ, ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿರುವುದರಿಂದ, ಅಪರಿಚಿತರು ಅದನ್ನು ತಪ್ಪಾಗಿ ತುಳಿದು ಒಳಗಿನ ಹಲ್ಲು ಸವೆಸಿರುವುದುಂಟು. ಕಿಕ್ ಹೊಡೆಯುವಾಗ ಕಾಲು ಜಾರಿದಂತೆ ಪೊಳ್ಳಾಗಿ ಇಳಿದರೆ ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ಟಿನ ಮಾತು ಬೇರೆ. 70 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 90 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಆ 346 ಸಿಸಿ ಎಂಜಿನ್ ನಿಧಾನವಾಗಿ ತಿರುಗುವಂಥದ್ದು, ಸಹನೆಯುಳ್ಳದ್ದು. ಅದಕ್ಕೆ ಬೇಕಾದುದು ಎಣ್ಣೆ ಒಂದೇ. ಸ್ಟಾರ್ಟ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ, ಮೇಲೆ ವಾಲ್ವ್ ಒತ್ತುವ ರಾಕರಿಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದರೆ ಎಣ್ಣೆ ಜಿನುಗಬೇಕು. ಜಿನುಗದಿದ್ದರೆ ಆ ಗಾಡಿಯನ್ನು ಇನ್ನೊಂದು ನಿಮಿಷವೂ ಓಡಿಸಬಾರದು, ಮಾರುವವರು ಎಷ್ಟೇ ಒತ್ತಾಯಿಸಲಿ. ನೀಲಿ ಹೊಗೆ ಬಂದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರುತ್ತದೆ. ಭಾರ ಎಳೆಯುವಾಗ ಕೆಳಗಿನಿಂದ ಸುತ್ತಿಗೆ ಬಡಿದಂತಹ ಗಟ್ಟಿ ಶಬ್ದ ಬಂದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್ ಹೋಗಿದೆ ಎಂದರ್ಥ, ಆಗ ಎಂಜಿನ್ ಪೂರ್ತಿ ಇಳಿಸಲೇಬೇಕು. ಟ್ಯಾಪೆಟ್ ಸದ್ದು ಮಾತ್ರ ಇದ್ದರೆ ಭಯಪಡಬೇಕಿಲ್ಲ. ಎಂಜಿನ್ ತಣ್ಣಗಿರುವಾಗ, ರಾಕರನ್ನು ಕೆಳಗಿನಿಂದ ತಳ್ಳುವ ಕಡ್ಡಿಗಳಾದ ಪುಶ್‌ರಾಡುಗಳು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಆ ಹದಕ್ಕೆ ಕೂರಿಸಿದರೆ ಸಾಕು.

ಎಂಜಿನ್ನಿಗಿಂತಲೂ ಮುಖ್ಯವಾದ ಇನ್ನೊಂದು ವಿಷಯವಿದೆ. ಅದು ಚಾಸಿ ನಂಬರ್. ಹ್ಯಾಂಡಲ್ ತಿರುಗುವ ಕತ್ತಿನ ಭಾಗದಲ್ಲಿ ಒತ್ತಿರುವ ಸಂಖ್ಯೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅದರ ಮೇಲೆ ತೆಳುವಾದ ಬಿಳಿಯ ಹಾಳೆಯನ್ನು ಬಿಗಿಯಾಗಿ ಹಿಡಿದು, ಪೆನ್ಸಿಲಿನ ಸೀಸವನ್ನು ಓರೆಯಾಗಿ ಹಗುರಾಗಿ ಉಜ್ಜಬೇಕು. ಆರ್‌ಟಿಓ ಅರ್ಜಿಗಳಿಗೆ ಅಂಟಿಸುವ ಪೆನ್ಸಿಲ್ ಪ್ರಿಂಟ್ ಎಂದರೆ ಇದೇ. ಕಾರ್ಖಾನೆಯ ಅಚ್ಚಾದರೆ ಅಂಕಿಗಳು ಬಿಳಿಯಾಗಿ, ಒಂದೇ ಆಳದಲ್ಲಿ, ಅವುಗಳ ಸುತ್ತಲಿನ ಹಿನ್ನೆಲೆ ಒಂದೇ ಸಮನಾದ ಬೂದುಬಣ್ಣದಲ್ಲಿ ಮೂಡುತ್ತವೆ. ಹಳೆಯ ಸಂಖ್ಯೆಯನ್ನು ಗ್ರೈಂಡರ್ ಹಿಡಿದು ಅಳಿಸಿ ಬೇರೆ ಒತ್ತಿದ್ದರೆ, ಬಣ್ಣದ ಮೇಲೆ ಕಣ್ಣಿಗೆ ಏನೂ ಕಾಣದಿದ್ದರೂ, ಹಾಳೆಯ ಮೇಲೆ ಅಂಕಿಗಳ ಹಿಂದೆ ಓರೆಗೆರೆಗಳ ಗೀಚು ಎದ್ದು ಬರುತ್ತದೆ, ಒಂದು ಅಂಕಿ ಆಳ ಇನ್ನೊಂದು ತೇಲು ಆಗಿರುತ್ತದೆ, ಸಾಲು ಸೊಟ್ಟಗಿರುತ್ತದೆ. ನಾನು ಹೀಗೆ ಉಜ್ಜಿದ ಹಾಳೆಗಳನ್ನು ತರಗತಿಯಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟು ಎರಡನ್ನೂ ಹೋಲಿಸಲು ಹೇಳುತ್ತಿದ್ದೆ. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಒಂದು ಹಾಳೆ ಮತ್ತು ಒಂದು ಪೆನ್ಸಿಲ್ಲಿಗಿಂತ ಹೆಚ್ಚಿನ ಸಾಧನವೇನೂ ಬೇಡದ ಈ ಪರೀಕ್ಷೆಯನ್ನು ಲಕ್ಷ ರೂಪಾಯಿ ಕೊಡುವವರು ಮಾಡದೇ ಇರುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಆರ್‌ಸಿ ಪುಸ್ತಕದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹಾಸನದ ಕೆಎ-13, ಚಿಕ್ಕಮಗಳೂರಿನ ಕೆಎ-18 ಬರುವುದಕ್ಕೆ ಮುಂಚಿನ ಮೂರಕ್ಷರದ ನೋಂದಣಿಯ ಗಾಡಿಗಳ ದಾಖಲೆ ಕಂಪ್ಯೂಟರಿನಲ್ಲಿ ಸಿಗದೆ ಹೋಗಬಹುದು. ಆಗ ನೋಂದಣಿಯಾದ ಕಚೇರಿಗೇ ಹೋಗಿ ಹಳೆಯ ವಹಿಯಲ್ಲಿ ವಿಚಾರಿಸಿದ ನಂತರವೇ ಮುಂಗಡ ಕೊಡಬೇಕು. ನಮ್ಮ ಕಡೆ ಅನೇಕ ಗಾಡಿಗಳು ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದಿವೆ. ಅಂಥ ಗಾಡಿ ಫಾರಂ 31ರ ಮೂಲಕ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ಕೊಳ್ಳುವವರ ಹೆಸರಿಗೆ. ಸಹಿ ಹಾಕಿದ ಖಾಲಿ ಫಾರಂಗಳನ್ನು ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಿಸುವ ಪದ್ಧತಿ ಕೊಟ್ಟವರಿಗೂ ಅಪಾಯಕಾರಿ. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 15 ವರ್ಷ ಮುಗಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ತಡವಾದ ಪ್ರತಿ ತಿಂಗಳಿಗೂ ಮೋಟಾರ್‌ಸೈಕಲ್ಲಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕದ ನಿಯಮ 2022ರ ಏಪ್ರಿಲ್‌ನಿಂದ ಬಂದಿರುವುದರಿಂದ, ಬಹುಕಾಲದಿಂದ ನವೀಕರಣವಾಗದ ಗಾಡಿಯ ಬೆಲೆ ಮಾತನಾಡುವಾಗ ಈ ಬಾಕಿಯನ್ನು ಯಾರು ಹೊರುತ್ತಾರೆ ಎಂಬುದನ್ನೂ ಮಾತನಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯ ಬಗ್ಗೆಯೂ ಹೇಳುತ್ತೇನೆ. ಹಳೆಯ ಗಾಡಿಗೆಲ್ಲ ವಿಂಟೇಜ್ ನಂಬರ್ ಮಾಡಿಸಿಬಿಡಬಹುದು ಎಂದು ಕೆಲವು ಮಾರಾಟಗಾರರು ಹೇಳುತ್ತಿದ್ದಾರೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ಗಾಡಿಗೆ ಮಾತ್ರ ಆ ಸಂಖ್ಯೆ ಸಿಗುತ್ತದೆ. ಅದಕ್ಕೆ ಶುಲ್ಕ 20,000 ರೂಪಾಯಿ. ಪಡೆದ ಮೇಲೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ ಮತ್ತು ಪೆಟ್ರೋಲ್ ಹಾಕಿಸುವುದಕ್ಕಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ತೋಟಕ್ಕೂ ಹೋಗಿಬರಲು ಗಾಡಿ ಬೇಕಾದವರಿಗೆ ಸಾಮಾನ್ಯ ನವೀಕರಣವೇ ಸರಿ.

ಚೌಕಟ್ಟು, ಚಕ್ರಗಳ ಪರೀಕ್ಷೆ ಹತ್ತು ನಿಮಿಷದ ಕೆಲಸ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಟ್ಯಾಂಕಿನ ಮೇಲೆ ಆಡಿಸಿದರೆ ಪುಟ್ಟಿ ತುಂಬಿದ ಜಾಗದಲ್ಲಿ ಅದು ಹಿಡಿಯುವುದಿಲ್ಲ. ಕತ್ತಿನ ಕೆಳಗಿನ ಬೆಸುಗೆಯಲ್ಲಿ ಬಿರುಕಿದೆಯೇ, ಅಲ್ಲಿ ಮಾತ್ರ ಬಣ್ಣ ಹೊಸದೇ ಎಂದು ಟಾರ್ಚ್ ಹಾಕಿ ನೋಡಬೇಕು. ಮುಂಚಕ್ರವನ್ನು ಮೇಲೆತ್ತಿ ಹ್ಯಾಂಡಲ್ ತಿರುಗಿಸುವಾಗ ನಡುವೆ ಗುಳಿಗೆ ಬಿದ್ದಂತೆ ಕಚ್ಚಿದರೆ ಕೋನ್‌ಸೆಟ್ (ಕತ್ತಿನ ಬೇರಿಂಗ್) ಬದಲಿಸಬೇಕು. ಹಿಂಚಕ್ರವನ್ನು ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಆ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮೂ ಜೊತೆಗೆ ಆಡಿದರೆ ಅದರ ಬುಷ್ ಸವೆದಿದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 3214 ಎಂದಿದ್ದರೆ ಅದು 2014ರ 32ನೆಯ ವಾರದಲ್ಲಿ ತಯಾರಾದುದು, ಗೆರೆ ಎಷ್ಟೇ ಆಳವಾಗಿ ಕಂಡರೂ ರಬ್ಬರು ಸತ್ತಿರುತ್ತದೆ.

ಇಷ್ಟೆಲ್ಲ ನೋಡಿ ಕೊಂಡ ಮೇಲೆಯೂ ಗಾಡಿಯನ್ನು ನೇರವಾಗಿ ರಸ್ತೆಗಿಳಿಸಬಾರದು ಎಂಬುದೇ ನನ್ನ ಎರಡನೆಯ ವಿನಂತಿ. ಸರ್ವಿಸ್ ಎಂದರೆ ತೊಳೆದು ಆಯಿಲ್ ಬದಲಿಸುವುದೆಂದು ತಿಳಿದವರಿದ್ದಾರೆ. ಹಳೆಯ ಗಾಡಿಗೆ ಅದು ಬ್ರೇಕಿನಿಂದ ಶುರುವಾಗಬೇಕು. ನಮ್ಮ ಹುಡುಗನ ಯೆಜ್ಡಿಯ ಮುಂದಿನ ಡ್ರಮ್ಮನ್ನು ಬಿಚ್ಚಿದಾಗ ಬೇರಿಂಗಿನ ಗ್ರೀಸು ಬ್ರೇಕ್ ಶೂಗಳಿಗೆ ಹರಡಿ, ಲೈನಿಂಗ್ ಗಾಜಿನಂತೆ ನುಣುಪಾಗಿತ್ತು; ಅಂದು ಎಂಜಿನ್ ಕಚ್ಚದೆ ಹೋಗಿದ್ದರೂ ಮುಂದಿನ ಯಾವುದೋ ತಿರುವಿನಲ್ಲಿ ಅವನಿಗೆ ಮುಂಬ್ರೇಕು ಸಿಗುತ್ತಿರಲಿಲ್ಲ. ಎಣ್ಣೆ ಕುಡಿದ ಶೂಗಳನ್ನು ಉಜ್ಜಿ ಮತ್ತೆ ಹಾಕದೆ ಬದಲಿಸಬೇಕು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವುದರಿಂದ ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಕಲಿಯುವ ಹುಡುಗರಿಗೆ ಗ್ಯಾರೇಜಿನವರು ಇದನ್ನು ದಯವಿಟ್ಟು ಹೇಳಬೇಕು.

ಆಮೇಲೆ ಪೆಟ್ರೋಲಿನ ದಾರಿ. ಮಲೆನಾಡಿನ ತೇವಕ್ಕೆ ಅರ್ಧ ಖಾಲಿಯಾಗಿ ನಿಂತ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದ್ದು ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಊದಿಸಿ ಮೆದುವಾಗಿಸುತ್ತದೆ. ಟ್ಯಾಂಕನ್ನು ಇಳಿಸಿ ತೊಳೆದು, ಪೆಟ್ರೋಲ್ ಕಾಕ್ ಬಿಚ್ಚಿ ಜಾಲರಿ ಸ್ವಚ್ಛ ಮಾಡಿ, ಪೈಪನ್ನು ಹೊಸದಾಗಿ ಹಾಕಿ, ಕಾರ್ಬುರೇಟರಿನ ಜೆಟ್ಟುಗಳನ್ನು ತಂತಿಯಿಂದ ಚುಚ್ಚದೆ ಗಾಳಿಯಿಂದಲೇ ಊದಿಸಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರನ್ನು ಬರಿದು ಮಾಡಿ ಇಡಬೇಕು. ಜಾವಾ, ಯೆಜ್ಡಿಗಳಿಗೆ ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆಯನ್ನು ಅಳತೆಯ ಲೋಟದಲ್ಲಿ ಅಳೆದು ಹಾಕಬೇಕು, ಕಣ್ಣಂದಾಜಿಗೆ ಬಿಡಬಾರದು.

ಬುಲೆಟ್ಟಿನಲ್ಲಿ ಕಿಡಿಯ ಸಮಯ ನಿರ್ಧರಿಸುವ ಪಾಯಿಂಟುಗಳ ಅಂತರ 0.35ರಿಂದ 0.40 ಮಿ.ಮೀ. ಇರಬೇಕು, ಅದನ್ನು ಅಳೆಯುವ ಫೀಲರ್ ಗೇಜ್ ಇಲ್ಲದ ಗ್ಯಾರೇಜಿಗೆ ಇಂಥ ಗಾಡಿಯನ್ನು ಕೊಡುವುದು ಬೇಡ. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಳಲ್ಲಿ ಲೈಟು ಮಂಕಾಗಿ, ಹಾರ್ನ್ ಕೀರಲಾಗಿ ಕೇಳಿದರೆ ಬ್ಯಾಟರಿ ಬದಲಿಸುವ ಮೊದಲು, ಚೌಕಟ್ಟಿಗೆ ಅರ್ಥ್ ವೈರ್ ಕೂಡುವ ಜಾಗದ ಬಣ್ಣವನ್ನು ಕೆರೆದು ಲೋಹಕ್ಕೆ ಲೋಹ ತಾಗುವಂತೆ ಮಾಡಬೇಕು. ಬಿಡಿಭಾಗಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಜಾವಾ, ಯೆಜ್ಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. 2018ರಿಂದ ಮತ್ತೆ ಮಾರುಕಟ್ಟೆಗೆ ಬಂದಿರುವ ಜಾವಾ ಹೆಸರಿನ ಗಾಡಿಗಳು ಫೋರ್ ಸ್ಟ್ರೋಕಿನವಾದ್ದರಿಂದ ಅವುಗಳ ಎಂಜಿನ್ ಭಾಗ ಹಳೆಯದಕ್ಕೆ ಕೂರುವುದಿಲ್ಲ. ಅಂಗಡಿಯಲ್ಲಿ ಸಿಗುವ ಪಿಸ್ಟನ್ ಬಹಳ ಮಟ್ಟಿಗೆ ಈಚೆಗೆ ಬೇರೆ ಕಡೆ ತಯಾರಾದುದು. ಪಿಸ್ಟನ್ನನ್ನು ಮೊದಲು ಕೊಂಡು, ಮೈಕ್ರೋಮೀಟರಿನಲ್ಲಿ ಅಳೆಸಿ, ಅದರ ಅಳತೆಗೆ ತಕ್ಕಂತೆ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಬೇಕೇ ಹೊರತು ಬೋರ್ ಮಾಡಿಸಿಟ್ಟು ಪಿಸ್ಟನ್ ಹುಡುಕಬಾರದು. ಸೀಲುಗಳನ್ನು ಮಾತ್ರ, ಹೇಗಿದ್ದರೂ ಸರಿ, ಒಮ್ಮೆ ಹೊಸದಾಗಿ ಹಾಕಿಸಿಯೇ ಗಿರಿಯ ಕಡೆ ಮುಖ ಮಾಡಬೇಕು.

ನಮ್ಮ ಹುಡುಗನ ಕೈ ಈಗ ಸರಿಹೋಗಿದೆ. ಗಾಡಿಗೆ ಬೋರ್ ಆಗಿದೆ, ಸೀಲು, ಶೂ, ಕೇಬಲ್ಲುಗಳು ಹೊಸದಾಗಿವೆ. ಎಲ್ಲರಿಗೂ ಮನೆಯಲ್ಲಿ ಬಿಚ್ಚಿ ನೋಡುವವರು ಇರುವುದಿಲ್ಲವಾದ್ದರಿಂದ, ಹಾಸನ ಮತ್ತು ಚಿಕ್ಕಮಗಳೂರಿನ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಲ್ಲಿ ತಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ ಸಲ್ಲಿಸುತ್ತಿದ್ದೇನೆ. ತಿಂಗಳಲ್ಲಿ ಒಂದು ದಿನವನ್ನು ನಿಗದಿ ಮಾಡಿ, 15 ವರ್ಷ ದಾಟಿದ ಮೋಟಾರ್‌ಸೈಕಲ್ಲುಗಳನ್ನು ಮಾರುವವರೂ ಕೊಳ್ಳುವವರೂ ಒಟ್ಟಿಗೆ ತಂದು, ವ್ಯವಹಾರ ಮುಗಿಯುವ ಮೊದಲೇ ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಕಚೇರಿಯ ವಹಿಯೊಂದಿಗೆ ತಾಳೆ ನೋಡಿಸಿಕೊಳ್ಳಲು ಅವಕಾಶ ಮಾಡಿಕೊಡಬೇಕು. ಅದೇ ಅಂಗಳದಲ್ಲಿ ಬ್ರೇಕ್, ಕೋನ್‌ಸೆಟ್, ಸೀಲುಗಳನ್ನು ಪರೀಕ್ಷಿಸಿ ಹೇಳಲು ಹಳೆಯ ಮೆಕ್ಯಾನಿಕರನ್ನೂ ಐಟಿಐ ವಿದ್ಯಾರ್ಥಿಗಳನ್ನೂ ಕರೆಯಬಹುದು. ದಿನ ಗೊತ್ತುಮಾಡಿದರೆ ಹಾಳೆ, ಪೆನ್ಸಿಲ್ ಮತ್ತು ನನ್ನ ಸ್ಪ್ಯಾನರ್ ಚೀಲದೊಂದಿಗೆ ಬೆಳಗ್ಗೆ ಹತ್ತಕ್ಕೆ ಬಂದು ಸಂಜೆಯವರೆಗೆ ನಿಲ್ಲಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಹಾಸನ